ಹುಳು ಕಾಯುವುದಿಲ್ಲ, ಪರೀಕ್ಷೆಯೂ ಕಾಯುವುದಿಲ್ಲ

ಓದು, ಮನೆಗೆಲಸ, ದುಡಿಮೆ, ದೇವರ ಸೇವೆ. ಎಲ್ಲಕ್ಕೂ ಇರುವುದು ಒಂದೇ ದಿನ, ಇಪ್ಪತ್ತನಾಲ್ಕೇ ಗಂಟೆ. ರಾಮನಗರ ಸೀಮೆಯ ಮನೆಗಳಲ್ಲಿ ಈ ಲೆಕ್ಕ ಹೊಂದುವುದು ಹೇಗೆ?

2024ರ ಮಾರ್ಚ್ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದದ್ದು 25ರಂದು. 29 ಶುಭ ಶುಕ್ರವಾರ. ಅದರ ಮರುದಿನವೇ ವಿಜ್ಞಾನ ಪರೀಕ್ಷೆ. ಅದೇ ತಿಂಗಳ 12ರಿಂದ ರಂಜಾನ್ ಉಪವಾಸ ನಡೆದಿತ್ತು. ಪರೀಕ್ಷೆ ಮುಗಿದು ಐದು ದಿನಗಳ ಮೇಲೆ ಹಬ್ಬ. ನಡುವೆ ಏಪ್ರಿಲ್ 9ಕ್ಕೆ ಯುಗಾದಿ. ಹೊಸ ಬಟ್ಟೆ, ಬೇವು ಬೆಲ್ಲ, ಜಪಸರ, ಇಫ್ತಾರ್, ಪ್ರಶ್ನೆಪತ್ರಿಕೆ ಎಲ್ಲವೂ ಒಂದರ ಮೇಲೊಂದು ಬಂದು ಬಿದ್ದ ದಿನಗಳವು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಇಕ್ಕಟ್ಟು ಇನ್ನೂ ಒಂದು ಕೈ ಹೆಚ್ಚು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರು ಪಡೆದ ಈ ನಾಡಿನಲ್ಲಿ ಎಷ್ಟೋ ಮನೆಗಳೇ ಕಾರ್ಖಾನೆ. ಒಂದು ಕೋಣೆಯಲ್ಲಿ ರೇಷ್ಮೆ ಹುಳು, ಇನ್ನೊಂದು ಮನೆಯಲ್ಲಿ ನೂಲು ತೆಗೆಯುವ ಒಲೆ, ಮತ್ತೊಂದು ಬೀದಿಯಲ್ಲಿ ಮರದ ಗೊಂಬೆ. ಮಗು ಪುಸ್ತಕ ಹಿಡಿದು ಕೂರುವುದೂ ಅಲ್ಲೇ, ಅಪ್ಪ ಅವ್ವ ದುಡಿಯುವುದೂ ಅಲ್ಲೇ, ದೇವರಿಗೆ ಕೈ ಮುಗಿಯುವುದೂ ಅಲ್ಲೇ. ಹೀಗಾಗಿ ‘ಮಕ್ಕಳು ಓದಲಿ, ಮನೆಯ ಕೆಲಸ ನಮಗಿರಲಿ’ ಎಂದು ಬಾಯಲ್ಲಿ ಹೇಳುವಷ್ಟು ಸುಲಭವಾಗಿ ನಡೆಸಲು ಆಗುವುದಿಲ್ಲ.

ಹಾಗೆಂದು ಇಲ್ಲಿನ ಮಕ್ಕಳು ಓದಿಲ್ಲವೇ? ಓದಿದ್ದಾರೆ. ದೇವರನ್ನು ಬಿಟ್ಟಿದ್ದಾರೆಯೇ? ಅದೂ ಇಲ್ಲ. ಹೊಂದಿಸಿಕೊಂಡು ಹೋದ ಮನೆಗಳ ಗುಟ್ಟೇನು ಎಂಬುದನ್ನು ವಿದ್ಯಾರ್ಥಿಗಳೂ ತಾಯಿತಂದೆಯರೂ ಕೂತು ನೋಡಬೇಕಾದ್ದಿದೆ.

ಹಾರೋಬೆಲೆಯ ಶುಭ ಶುಕ್ರವಾರ

ಕನಕಪುರ ತಾಲ್ಲೂಕಿನ ಹಾರೋಬೆಲೆ ಎಂದರೆ ಹಲವರಿಗೆ ನೆನಪಾಗುವುದು ಅರ್ಕಾವತಿಗೆ ಕಟ್ಟಿದ ಜಲಾಶಯ. ಕ್ರೈಸ್ತ ಸಮುದಾಯದವರಿಗೆ ನೆನಪಾಗುವುದು ಬೇರೆ. ಹೆಚ್ಚಿನ ಮನೆಗಳು ಕ್ಯಾಥೋಲಿಕರವೇ ಆಗಿರುವ ಈ ಊರಿನಲ್ಲಿ ಶುಭ ಶುಕ್ರವಾರದ ಹೊತ್ತಿಗೆ ಕ್ರಿಸ್ತನ ಯಾತನೆ ಮತ್ತು ಮರಣದ ನಾಟಕ ಆಡುವ ಪದ್ಧತಿ ನೂರು ವರ್ಷ ದಾಟಿ ಬಂದಿದೆ. ವೇಷ ಹಾಕುವವರು ಊರಿನವರೇ. ನೋಡಲು ಸುತ್ತಲ ಹಳ್ಳಿಗಳಿಂದಲೂ ಬೆಂಗಳೂರಿನಿಂದಲೂ ಜನ ಬರುತ್ತಾರೆ.

ನಾಟಕವೆಂದ ಮೇಲೆ ಅಭ್ಯಾಸ ಬೇಕು. ಮಾತು ಬಾಯಿಪಾಠ ಆಗಬೇಕು. ತಪಸ್ಸುಕಾಲದ ನಲವತ್ತು ದಿನಗಳಲ್ಲಿ ಶಿಲುಬೆ ಹಾದಿ, ಗರಿಗಳ ಭಾನುವಾರ, ಪವಿತ್ರ ವಾರದ ಪೂಜೆಗಳು, ಗಾನವೃಂದದ ತಾಲೀಮು ಎಲ್ಲವೂ ಸಾಲಾಗಿ ಬರುತ್ತವೆ. ಹಾಡುವವರು, ಬಲಿಪೀಠದ ಬಳಿ ಗುರುಗಳಿಗೆ ನೆರವಾಗುವವರು, ಚರ್ಚ್ ಗುಡಿಸಿ ಹೂ ಜೋಡಿಸುವವರು ಯಾರು? ಬಹುಪಾಲು ಹದಿಹರೆಯದ ಹುಡುಗ ಹುಡುಗಿಯರೇ. ಅದೇ ಹುಡುಗ ಹುಡುಗಿಯರ ಮುಂದೆ ಹತ್ತನೆಯ ತರಗತಿಯ ಪುಸ್ತಕ, ಪಿಯುಸಿಯ ಪುಸ್ತಕ ತೆರೆದಿರುತ್ತದೆ. 2023ರಲ್ಲೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 31ರಿಂದ ಏಪ್ರಿಲ್ 15ರವರೆಗೆ ನಡೆದಿತ್ತು. ಶುಭ ಶುಕ್ರವಾರ ಬಂದದ್ದು ಏಪ್ರಿಲ್ 7ಕ್ಕೆ, ಪರೀಕ್ಷೆಯ ಸರಿ ನಡುವೆ.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಪರೀಕ್ಷೆ ಮುಗಿಯುವ ತನಕ ಚರ್ಚಿನ ಕಡೆ ತಲೆ ಹಾಕಬೇಡ’ ಎನ್ನುವ ತಂದೆ ಒಬ್ಬರು. ‘ದೇವರ ಕೆಲಸ ಬಿಟ್ಟರೆ ಪಾಸಾಗುತ್ತೀಯಾ’ ಎನ್ನುವ ಅಜ್ಜಿ ಇನ್ನೊಬ್ಬರು. ಮಗುವಿಗೆ ಎರಡೂ ಕಿವಿಯಲ್ಲಿ ಭಯ.

ಇಲ್ಲಿ ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಕ್ಯಾಥೋಲಿಕ ಧರ್ಮಸಭೆಯ ನಿಯಮದಂತೆ ಶುಭ ಶುಕ್ರವಾರದ ಉಪವಾಸ ಕಡ್ಡಾಯವಾಗುವುದು ಹದಿನೆಂಟು ತುಂಬಿದವರಿಗೆ ಮಾತ್ರ. ಅರವತ್ತರ ಹೊಸ್ತಿಲಿಗೆ ಬಂದವರಿಗೆ ಅದು ಕಡ್ಡಾಯವಲ್ಲ. ಮಾಂಸಾಹಾರ ಬಿಡುವ ನಿಯಮ ಹದಿನಾಲ್ಕು ತುಂಬಿದವರಿಗೆ. ಅಂದರೆ ಹದಿನೈದು ಹದಿನಾರರ ಎಸ್ಸೆಸ್ಸೆಲ್ಸಿ ಹುಡುಗಿ ಹಸಿದು ಓದಲೇಬೇಕೆಂದು ಅವಳ ಧರ್ಮವೇ ಹೇಳುವುದಿಲ್ಲ. ಭಾನುವಾರದ ಪೂಜೆಗೆ ಶನಿವಾರ ಸಂಜೆಯ ಪೂಜೆಯೂ ಸಲ್ಲುತ್ತದೆ. ಧರ್ಮಗಳು ಹಾಕಿದ ಕಟ್ಟುಪಾಡಿಗಿಂತ ನಾವು ಮನೆಯಲ್ಲಿ ಕಟ್ಟಿಕೊಂಡ ಕಟ್ಟುಪಾಡೇ ಎಷ್ಟೋ ಸಲ ಬಿಗಿಯಾಗಿರುತ್ತದೆ. ಆದ್ದರಿಂದ ‘ಬಿಡು’ ಅಥವಾ ‘ಮಾಡಲೇಬೇಕು’ ಎನ್ನುವ ಮೊದಲು ಗುರುಗಳನ್ನೊಮ್ಮೆ ಕೇಳುವುದು ಲೇಸು.

ಕೇಳುವ ಹೊತ್ತು ಪವಿತ್ರ ವಾರವಲ್ಲ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ. ಆಗಿನ್ನೂ ಆರು ವಾರ ಕೈಯಲ್ಲಿರುತ್ತದೆ. ಪರೀಕ್ಷೆ ಬರೆಯುವ ಹುಡುಗನಿಗೆ ದೊಡ್ಡ ಪಾತ್ರದ ಬದಲು ಗುಂಪಿನಲ್ಲಿ ನಿಲ್ಲುವ ಪಾತ್ರ ಕೊಡಬಹುದು. ವಾರಕ್ಕೆ ನಾಲ್ಕು ದಿನ ಹಾಡುವ ಹುಡುಗಿ ಒಂದು ದಿನ ಹಾಡಬಹುದು. ಅವಳ ಜಾಗದಲ್ಲಿ ಒಂಬತ್ತನೆಯ ತರಗತಿಯವಳು ಕಲಿಯಬಹುದು. ಮುಂದಿನ ವರ್ಷ ಇವಳು ಅವಳಿಗೆ ಬಿಡುವು ಕೊಡುತ್ತಾಳೆ. ಸೇವೆ ನಿಲ್ಲುವುದಿಲ್ಲ; ಹೆಗಲು ಬದಲಾಗುತ್ತದೆ ಅಷ್ಟೆ.

ನಾಲ್ಕನೇ ಜ್ವರ ಎದ್ದ ಮೇಲೆ

ಚರ್ಚಿನ ಗುರುಗಳನ್ನು ಕೇಳಬಹುದು. ಆದರೆ ಅದೇ ಕನಕಪುರ, ರಾಮನಗರದ ಹಳ್ಳಿಗಳ ಮನೆಯೊಳಗೆ ಯಾರ ಮಾತನ್ನೂ ಕೇಳದ ಜೀವವೊಂದಿದೆ. ಅದು ರೇಷ್ಮೆ ಹುಳು.

ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ತನಕ ಸುಮಾರು ಇಪ್ಪತ್ತೈದರಿಂದ ಇಪ್ಪತ್ತೇಳು ದಿನ. ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಅದಕ್ಕೆ ಇಟ್ಟಿರುವ ಹೆಸರು ‘ಜ್ವರ’. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿ ಸುಮ್ಮನಿರುತ್ತದೆ. ಒಂದು ದಿನದಷ್ಟು ಹೊತ್ತು ಮನೆಯವರಿಗೂ ಬಿಡುವು. ನಾಲ್ಕನೇ ಜ್ವರ ಎದ್ದಿತೋ, ಮನೆಯಲ್ಲಿ ಯಾರಿಗೂ ಕೂರಲು ಪುರಸೊತ್ತಿಲ್ಲ. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತರಷ್ಟನ್ನು ತಿನ್ನುವುದು ಆ ಕೊನೆಯ ಏಳೆಂಟು ದಿನಗಳಲ್ಲಿ. ಹಿಪ್ಪುನೇರಳೆ ಕೊಯ್ಯಬೇಕು, ಹೊರಬೇಕು, ಹೊತ್ತು ಹೊತ್ತಿಗೆ ಹಾಕಬೇಕು, ಕಸ ತೆಗೆಯಬೇಕು. ಹುಳು ಹಣ್ಣಾದ ಕೂಡಲೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಹಾಳು. ಐದಾರು ದಿನ ಕಳೆದು ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸಬೇಕು. ಅಲ್ಲೂ ತಡವಾದರೆ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬರುವ ಪ್ರತಿ ಚೀಲದ ಹಿಂದೆಯೂ ಇಂಥದೊಂದು ವಾರದ ನಿದ್ದೆಗೇಡು ಇದೆ.

ಆ ವಾರವೇ ಮಗನ ಗಣಿತ ಪರೀಕ್ಷೆ ಬಂದರೆ? ‘ಅವ್ವ, ನಾಳೆ ಪರೀಕ್ಷೆ’ ಎಂದರೆ, ‘ಹುಳ ಹಸಿದವೆ ಕಣಪ್ಪ’ ಎಂಬ ಉತ್ತರ. ಇಬ್ಬರದೂ ತಪ್ಪಲ್ಲ. ಆ ಗೂಡು ಮಾರಿದ ದುಡ್ಡೇ ಮುಂದಿನ ವರ್ಷದ ಕಾಲೇಜು ಫೀಸು.

ಆದರೆ ಈ ಮನೆಗಳಲ್ಲಿ ಅನುಭವಸ್ಥರು ಒಂದು ಮಾತನ್ನು ಕಂಡುಕೊಂಡಿದ್ದಾರೆ. ಹುಳು ಕಾಯುವುದಿಲ್ಲ, ನಿಜ. ಆದರೆ ಹುಳು ಯಾವ ದಿನ ಮನೆಗೆ ಬರಬೇಕು ಎಂಬುದು ಮನೆಯವರ ಕೈಯಲ್ಲಿದೆ. ಈಗ ಹೆಚ್ಚಿನ ರೈತರು ಮೊಟ್ಟೆಯ ಬದಲು ಎರಡನೇ ಜ್ವರ ಎದ್ದ ಮರಿ ಹುಳುವನ್ನು ಚಾಕಿ ಕೇಂದ್ರದಿಂದ ತರುತ್ತಾರೆ. ತಂದ ದಿನದಿಂದ ಸುಮಾರು ಒಂದು ವಾರಕ್ಕೆ ನಾಲ್ಕನೇ ಜ್ವರ. ಆಮೇಲಿನ ಏಳೆಂಟು ದಿನ ಬಿರುಸಿನ ಮೇವು. ಪರೀಕ್ಷೆಯ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಾಗುತ್ತದೆ. ಬೆರಳು ಮಡಿಸಿ ಎಣಿಸಿ, ಚಾಕಿಯನ್ನು ಹತ್ತು ದಿನ ಹಿಂದಕ್ಕೋ ಮುಂದಕ್ಕೋ ಹಾಕಿಕೊಂಡರೆ ಹುಳುವಿಗೂ ಹೊಟ್ಟೆ ತುಂಬುತ್ತದೆ, ಮಗುವಿಗೂ ದೀಪ ಉಳಿಯುತ್ತದೆ. ಅದಕ್ಕೂ ತೋಟದ ಸೊಪ್ಪು ಒದಗಿ ಬರಬೇಕು. ಹಾಗಾಗಿ ಆ ಲೆಕ್ಕ ಶುರುವಾಗಬೇಕಾದ್ದು ತೋಟದ ಗಿಡ ಸವರುವಾಗ.

ಇಡೀ ಸಮಸ್ಯೆಯ ಬೀಗದ ಕೈ ಇಲ್ಲಿದೆ. ದಿನವನ್ನು ಓದಿಗೆ ಇಷ್ಟು, ದೇವರಿಗೆ ಇಷ್ಟು, ಮನೆಗೆ ಇಷ್ಟು ಎಂದು ಸಮಪಾಲು ಮಾಡಲು ಹೊರಟವರು ಸೋಲುತ್ತಾರೆ. ಯಾವುದನ್ನು ಅಲುಗಾಡಿಸಲಾಗದು, ಯಾವುದನ್ನು ಸರಿಸಬಹುದು ಎಂದು ಮೊದಲೇ ಬೇರೆ ಮಾಡಿಕೊಂಡವರು ಗೆಲ್ಲುತ್ತಾರೆ. ಪರೀಕ್ಷೆಯ ದಿನ ನಮ್ಮ ಕೈಯಲ್ಲಿಲ್ಲ. ಶುಭ ಶುಕ್ರವಾರ, ರಂಜಾನ್, ಯುಗಾದಿಯೂ ಇಲ್ಲ. ಚಾಕಿ ತರುವ ದಿನ, ನೆಂಟರ ಮನೆಗೆ ಹೋಗುವ ದಿನ, ಹರಕೆ ತೀರಿಸುವ ದಿನ, ನಾಟಕದ ಪಾತ್ರ, ಟಿ.ವಿ., ಮೊಬೈಲ್ ಇವೆಲ್ಲ ನಮ್ಮ ಕೈಯಲ್ಲೇ ಇವೆ.

ಗೊಂಬೆಯ ಬೀದಿಯಲ್ಲಿ

ಕನಕಪುರದಿಂದ ಚನ್ನಪಟ್ಟಣಕ್ಕೆ ಬಂದರೆ ಇಕ್ಕಟ್ಟಿನ ಬಣ್ಣ ಬೇರೆ. ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು, ಒಣಗರಿಯಿಂದ ಉಜ್ಜಿ ಹೊಳಪು ಕೊಡುವ ಕೆಲಸ ಇಲ್ಲಿನದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಸುಬು. ಕುಶಲಕರ್ಮಿಗಳಲ್ಲಿ ಮುಸ್ಲಿಂ ಮನೆತನಗಳವರು ಬಹಳ. ಅಲ್ಲಿನ ದಿನಕ್ಕೆ ಐದು ಹೊತ್ತಿನ ನಮಾಜೇ ಗಡಿಯಾರ. ಕೆಲಸ ಎಷ್ಟೇ ಇರಲಿ, ಆ ಹೊತ್ತಿಗೆ ಲೇತು ನಿಲ್ಲಿಸಿ, ಕೈಕಾಲು ತೊಳೆದು ಬಂದು ಮತ್ತೆ ಕೂರುವುದು ರೂಢಿ.

ಇದರಲ್ಲಿ ಓದುವ ಮಕ್ಕಳಿಗೂ ಪಾಠವಿದೆ. ನಡುನಡುವೆ ಹತ್ತು ನಿಮಿಷ ಎದ್ದು ಬಂದವನು ಸಮಯ ಕಳೆದುಕೊಂಡಂತೆ ಕಂಡರೂ, ಮೂರು ಗಂಟೆ ಎಡೆಬಿಡದೆ ಕೂತು ತೂಕಡಿಸಿದವನಿಗಿಂತ ಹೆಚ್ಚು ಓದಿರುತ್ತಾನೆ. ಪ್ರಾರ್ಥನೆಗೆ ಎದ್ದ ಹೊತ್ತು ಓದಿಗೆ ಶತ್ರುವಲ್ಲ. ರಂಜಾನ್ ತಿಂಗಳಲ್ಲಿ ಮಾತ್ರ ನಿದ್ದೆಯ ಲೆಕ್ಕ ಸರಿಯಾಗಿ ಇಡಬೇಕು. ರಾತ್ರಿ ತರಾವೀಹ್ ನಮಾಜು ಮುಗಿಸಿ, ನಸುಕಿನಲ್ಲಿ ಸಹರಿಗೆ ಎದ್ದ ಹುಡುಗನಿಗೆ ರಾತ್ರಿಯ ನಿದ್ದೆ ಅರ್ಧವಾಗಿರುತ್ತದೆ. ಸಹರಿಯ ಮೇಲೆ ತಲೆ ಹಗುರಾಗಿರುವ ಎರಡು ಗಂಟೆಯನ್ನು ಕಷ್ಟದ ವಿಷಯಕ್ಕೆ ಇಟ್ಟು, ಮಧ್ಯಾಹ್ನ ಒಂದು ಗಳಿಗೆ ಮಲಗಲು ಮನೆಯವರು ಬಿಟ್ಟರೆ ಉಪವಾಸವೂ ನಡೆಯುತ್ತದೆ, ಓದೂ ನಡೆಯುತ್ತದೆ. ಕಾಯಿಲೆ ಬಿದ್ದವರಿಗೆ, ಪ್ರಯಾಣದಲ್ಲಿರುವವರಿಗೆ ಉಪವಾಸವನ್ನು ಮುಂದೆ ಪೂರೈಸಲು ಅಲ್ಲಿಯೂ ಅವಕಾಶವಿದೆ.

ಮನೆಯ ಕಸುಬಿನಲ್ಲಿ ಮಕ್ಕಳು ಕೈಜೋಡಿಸುವ ಬಗ್ಗೆ ಕಾನೂನಿನ ಗೆರೆಯೊಂದಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ. ಅಪಾಯವಿಲ್ಲದ ಮನೆ ಕಸುಬಿನಲ್ಲಿ ನೆರವಾಗಬಹುದು, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಅಪ್ಪನ ಕೈಯ ಕಸುಬು ಮಗುವಿಗೆ ತಿಳಿದಿರಲಿ. ಆದರೆ ಶಾಲೆಯ ಗಂಟೆಯಿಂದ ಅದನ್ನು ಕದಿಯಬಾರದು ಎಂಬುದು ಅದರ ಸಾರ.

ವೀರಾಪುರದ ಹುಡುಗ

ಓದು ಮತ್ತು ದೇವರ ಸೇವೆ ಎದುರುಬದುರಾಗಿ ನಿಂತ ದೊಡ್ಡ ನಿದರ್ಶನವೊಂದು ಮಾಗಡಿ ತಾಲ್ಲೂಕಿನದೇ. ವೀರಾಪುರದ ಶಿವಣ್ಣ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗ. ಕಷ್ಟಪಟ್ಟು ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ್ದ. 1930ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಉತ್ತರಾಧಿಕಾರಿ ಮರುಳಾರಾಧ್ಯರು ತೀರಿಕೊಂಡರು. ಉದ್ದಾನ ಶಿವಯೋಗಿಗಳು ಆ ಸ್ಥಾನಕ್ಕೆ ಶಿವಣ್ಣನನ್ನು ಆರಿಸಿದರು. ಪದವಿ ಕೈಗೆ ಬರುವ ಮುನ್ನವೇ ಕಾವಿ ಬಂತು. ಅವರೇ ಮುಂದೆ ನಾಡು ಕಂಡ ಶಿವಕುಮಾರ ಸ್ವಾಮೀಜಿ.

ಓದು ಅಲ್ಲಿಗೆ ಮುಗಿಯಿತೆನ್ನಬೇಕೆ? ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ನಡೆಸಿ, ಸಾವಿರಾರು ಬಡಮಕ್ಕಳ ಓದನ್ನೇ ಅವರು ತಮ್ಮ ಪೂಜೆಯ ಭಾಗ ಮಾಡಿಕೊಂಡರು. ನಸುಕಿಗೂ ಮುನ್ನ ಎದ್ದು ಇಷ್ಟಲಿಂಗ ಪೂಜೆ; ಆಮೇಲೆ ಮಕ್ಕಳು, ಭಕ್ತರು, ಮಠದ ಲೆಕ್ಕಪತ್ರ. ಮಠದ ಮಕ್ಕಳಿಗೂ ಅಷ್ಟೇ. ಸಾಮೂಹಿಕ ಪ್ರಾರ್ಥನೆ, ಪಾಠ, ಕೆಲಸ ಎಲ್ಲಕ್ಕೂ ಗೊತ್ತಾದ ಹೊತ್ತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಊಟ ಮುಗಿಯುವ ತನಕ ಸುದ್ದಿ ಹೊರಗೆ ಬಿಡಬಾರದೆಂಬುದು ಅವರ ಇಚ್ಛೆಯಾಗಿತ್ತು, ಅದರಂತೆಯೇ ನಡೆಯಿತು ಎಂದು ಆಗ ವರದಿಯಾಗಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕೊನೆಯ ಉಸಿರಿನವರೆಗೂ ತಿಳಿದಿದ್ದ ಬಾಳು ಅದು.

ಶರಣರ ಕಥೆಗಳಲ್ಲಿ ಬರುವ ಆಯ್ದಕ್ಕಿ ಮಾರಯ್ಯನ ಪ್ರಸಂಗವೂ ಇದನ್ನೇ ಹೇಳುತ್ತದೆ. ಅನುಭವ ಮಂಟಪದ ಮಾತುಕತೆಯಲ್ಲಿ ಮೈಮರೆತು ಕೂತ ಮಾರಯ್ಯನಿಗೆ, ಕಾಯಕದ ಹೊತ್ತು ಮೀರುತ್ತಿದೆ ಎಂದು ನೆನಪಿಸಿದವಳು ಮಡದಿ ಲಕ್ಕಮ್ಮ. ದೇವರ ಮಾತೇ ಆದರೂ ಅದು ಕೆಲಸ ತಪ್ಪಿಸಿಕೊಳ್ಳುವ ನೆಪವಾಗಬಾರದು. ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, ಕೆಂಗಲ್ ಆಂಜನೇಯನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಮುಖ್ಯಮಂತ್ರಿ ಹನುಮಂತಯ್ಯನವರ ಕಾಲದ ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ವಿದ್ಯಾರ್ಥಿಯ ಪಾಲಿಗೆ ಓದಿನ ಕೆಲಸವೂ ದೇವರ ಕೆಲಸವೇ ಎಂದುಕೊಂಡರೆ ಅರ್ಧ ಜಗಳ ತೀರಿತು.

ಹೆಣ್ಣುಮಕ್ಕಳ ಹೊತ್ತು

ಒಂದು ಮಾತನ್ನು ಮರೆಯುವಂತಿಲ್ಲ. ಹೊತ್ತಿನ ಹಂಚಿಕೆಯಲ್ಲಿ ಮನೆಯ ಮಗನಿಗೂ ಮಗಳಿಗೂ ಒಂದೇ ತಕ್ಕಡಿ ಇಲ್ಲ. ಮಗ ಸೊಪ್ಪಿನ ಹೊರೆ ಇಳಿಸಿದರೆ ಅದು ಕೆಲಸವೆಂದು ಕಾಣುತ್ತದೆ. ಮಗಳು ಪಾತ್ರೆ ತೊಳೆದು, ನೀರು ತುಂಬಿ, ತಮ್ಮನಿಗೆ ತಲೆ ಬಾಚಿ, ಹುಳುವಿಗೆ ಸೊಪ್ಪು ಹಾಕಿ, ಹಬ್ಬಕ್ಕೆ ಮನೆ ಬಳಿದು, ಗುಡಿಗೋ ಚರ್ಚಿಗೋ ಹೂ ಕಟ್ಟಿದರೆ ಅದು ‘ಕೈಯಾಸರೆ’. ಅರ್ಧರ್ಧ ಗಂಟೆಯ ಈ ಚಿಲ್ಲರೆ ಕೆಲಸಗಳು ಸೇರಿ ದಿನಕ್ಕೆ ಮೂರು ನಾಲ್ಕು ಗಂಟೆ ಆಗಿರುತ್ತದೆ. ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಒಂದು ವಾರ ಚೀಟಿಯಲ್ಲಿ ಬರೆದು ನೋಡಿದರೆ ತಂದೆತಾಯಿಗೇ ಆಶ್ಚರ್ಯವಾದೀತು.

ಬೆಂಗಳೂರಿಗೆ ಹೋಗಿ ಓದುವವರ ಪಾಡೂ ಲೆಕ್ಕಕ್ಕೆ ಬರಬೇಕು. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. ಹೋಗಿಬರುವುದರಲ್ಲಿ ದಿನಕ್ಕೆ ಮೂರು ಗಂಟೆ ಕರಗುತ್ತದೆ. ಸಂಜೆ ಏಳಕ್ಕೆ ಮನೆ ಸೇರಿದ ಹುಡುಗಿಗೆ ಒಲೆಯೂ ಪುಸ್ತಕವೂ ಒಟ್ಟಿಗೆ ಕಾದಿರುತ್ತವೆ. ಆ ಒಲೆಯ ಮುಂದೆ ಅಣ್ಣನೂ ಒಂದು ದಿನ ಕೂತರೆ ಮನೆಯ ಮರ್ಯಾದೆ ಎಲ್ಲಿಗೂ ಹೋಗುವುದಿಲ್ಲ.

ಗೋಡೆಯ ಕ್ಯಾಲೆಂಡರಿನ ಮುಂದೆ

ಹಾಗಾದರೆ ಮಾಡಬೇಕಾದ್ದೇನು? ವರ್ಷಕ್ಕೆ ಎರಡು ಸಲ, ಶಾಲೆ ಶುರುವಾದಾಗ ಒಮ್ಮೆ, ಸಂಕ್ರಾಂತಿ ಕಳೆದ ಮೇಲೆ ಇನ್ನೊಮ್ಮೆ, ಮನೆಮಂದಿ ಗೋಡೆಯ ಕ್ಯಾಲೆಂಡರಿನ ಮುಂದೆ ಕೂರಬೇಕು. ಅಲುಗಾಡದ ದಿನಗಳನ್ನು ಮೊದಲು ಗುರುತು ಹಾಕಬೇಕು.

ಇವು ಮುಂಚೆಯೇ ತಿಳಿಯುವಂಥವು. ಈಸ್ಟರ್ ಬರುವುದು ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಹುಣ್ಣಿಮೆಯ ಮುಂದಿನ ಭಾನುವಾರ. ಆದ್ದರಿಂದ ಶುಭ ಶುಕ್ರವಾರ ಮಾರ್ಚ್ 20ರಿಂದ ಏಪ್ರಿಲ್ 23ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು. 2027ರಲ್ಲಿ ಅದು ಮಾರ್ಚ್ 26, 2028ರಲ್ಲಿ ಏಪ್ರಿಲ್ 14. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹೀಗಾಗಿ ಈಗ ಪರೀಕ್ಷೆಯ ತಿಂಗಳಿನಿಂದ ಮೆಲ್ಲನೆ ಹಿಂದಕ್ಕೆ, ಪೂರ್ವಸಿದ್ಧತಾ ಪರೀಕ್ಷೆಯ ದಿನಗಳತ್ತ ಜಾರುತ್ತಿದೆ. ಇವುಗಳ ಪಕ್ಕದಲ್ಲಿ ಪರೀಕ್ಷೆಯ ದಿನ, ಆಮೇಲೆ ಚಾಕಿ, ಜಾತ್ರೆ, ಮದುವೆ. ಒಂದರ ಮೇಲೊಂದು ಬಂದಲ್ಲಿ, ಸರಿಸಬಹುದಾದ್ದನ್ನು ಸರಿಸಿದರಾಯಿತು.

ಎರಡನೆಯದು, ದೇವರಿಗೆ ಇಡುವ ಹೊತ್ತು ಚಿಕ್ಕದಾಗಿರಲಿ, ಆದರೆ ತಪ್ಪದಿರಲಿ. ಪರೀಕ್ಷೆಯ ದಿನಗಳಲ್ಲಿ ಒಂದು ಗಂಟೆಯ ಜಪವನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ದೇವರು ಮುನಿಯುವುದಿಲ್ಲ. ಪೂರ್ತಿ ಬಿಟ್ಟವನಿಗೆ ಮಾತ್ರ ಮತ್ತೆ ಶುರು ಮಾಡುವುದು ಕಷ್ಟ. ಮೂರನೆಯದು, ಮಗು ‘ಆಗುವುದಿಲ್ಲ’ ಎಂದಾಗ ಅದನ್ನು ಭಕ್ತಿಯ ಕೊರತೆ ಎಂದೋ ಸೋಮಾರಿತನ ಎಂದೋ ತಿಳಿಯದೆ, ಯಾವುದು ಆಗುವುದಿಲ್ಲ ಎಂದು ಕೇಳುವುದು. ನಾಲ್ಕನೆಯದು, ಎಲ್ಲವೂ ಈ ಒಂದು ಪರೀಕ್ಷೆಯಲ್ಲೇ ಎಂಬ ಹೆದರಿಕೆ ಬಿಡುವುದು. 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ. ಒಮ್ಮೆ ಎಡವಿದರೂ ಆ ವರ್ಷವೇ ಏಳಬಹುದು.

‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂದು ಹಿರಿಯರು ಗಾದೆ ಮಾಡಿದ್ದು ಸುಮ್ಮನೆ ಅಲ್ಲ. ಹತ್ತು ಸೇವೆಗೆ ಹೆಸರು ಕೊಟ್ಟು ಒಂದನ್ನೂ ನೆಟ್ಟಗೆ ಮಾಡದವನಿಗಿಂತ, ಒಂದನ್ನು ಒಪ್ಪಿಕೊಂಡು ಪೂರ್ತಿ ಮನಸ್ಸಿನಿಂದ ಮಾಡಿದವನೇ ಮೇಲು.

ಜ್ವರಕ್ಕೆ ಕೂತ ಹುಳುವನ್ನು ರೈತ ಏಳಿಸಲು ಹೋಗುವುದಿಲ್ಲ. ಅದು ಎದ್ದ ಮೇಲೆ ಸೊಪ್ಪು ಹಾಕಲು ಮರೆಯುವುದೂ ಇಲ್ಲ. ಅವನಿಗೆ ಹುಳುವಿನ ಹೊತ್ತು ಗೊತ್ತು. ಮನೆಯ ಮಕ್ಕಳಿಗೂ ಅಂಥದೊಂದು ಹೊತ್ತಿದೆ. ಪುಸ್ತಕ ಹಿಡಿದು ಮೂಲೆಯಲ್ಲಿ ಸುಮ್ಮನೆ ಕೂತ ಆ ಕೆಲವು ವಾರ ಅವರನ್ನು ಅವರ ಪಾಡಿಗೆ ಬಿಟ್ಟರೆ, ಎದ್ದು ಬಂದ ಮೇಲೆ ಸೊಪ್ಪಿನ ಹೊರೆಗೂ, ಹಾಡಿಗೂ, ದೇವರ ಮುಂದಿನ ದೀಪಕ್ಕೂ ಕೈ ತಾನಾಗಿ ಮುಂದೆ ಬರುತ್ತದೆ.